ಕಣ್ಣು ಕಿವಿಗಳ ತಕರಾರು

ಕಡೇಚೂರಿನಿಂದ ಯಾದಗಿರಿಗೆ ಹೊರಟ ಬಸ್ಸಿನಲ್ಲಿ ಪುಸ್ತಕ ಹಿಡಿದು ಕುಳಿತವನಿಗೆ ಹೊಟ್ಟೆ ತೊಳಸುವುದುಂಟು. ಮನೆಯಲ್ಲಿ ಅಲುಗಾಡದೆ ಕುಳಿತು ವಿಡಿಯೋ ಆಟದ ಕಾರನ್ನು ಓಡಿಸುವವನಿಗೂ ಅದೇ ಓಕರಿಕೆ! ಒಳಗಿವಿಯಲ್ಲಿರುವ, ದ್ರವ ತುಂಬಿದ ಮೂರು ಅರ್ಧವರ್ತುಲ ನಾಳಗಳು ತಲೆಯ ತಿರುಗಾಟವನ್ನು ಮಿದುಳಿಗೆ ತಿಳಿಸುತ್ತವೆ. ಬಸ್ಸಿನಲ್ಲಿ ಕಿವಿಯು ಚಲನೆಯನ್ನು ಸಾರಿದರೆ, ಪುಟದಲ್ಲಿ ನೆಟ್ಟ ಕಣ್ಣು ಅದನ್ನು ಅಲ್ಲಗಳೆಯುತ್ತದೆ. ಆಟದಲ್ಲಿ ಕಣ್ಣಿಗೆ ಓಟ, ಕಿವಿಗೆ ನಿಶ್ಚಲತೆ. ಈ ತಕರಾರಿಗೆ ದಂಡ ತೆರುವುದು ಪಾಪ, ಹೊಟ್ಟೆ.

ವಿಮಾನ ಚಾಲಕರಿಗಾದರೋ ಇದರಿಂದ ವೃತ್ತಿಯೇ ಕೈತಪ್ಪುವ ಅಪಾಯವುಂಟು. 1957ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ವಾಯುಪಡೆಯ ವೈಮಾನಿಕ ವೈದ್ಯಕೀಯ ಸಂಸ್ಥೆಯಲ್ಲಿ ಅಂಥವರನ್ನು ತಿರುಗುವ ಕುರ್ಚಿಯಲ್ಲಿ ಕುಳ್ಳಿರಿಸಿ, ಕ್ರಮೇಣ ಒಗ್ಗಿಸುತ್ತಾರೆ. ಆಟಗಾರನಿಗೂ ಅದೇ ಉಪಾಯ. ಓಕರಿಕೆ ಮೊದಲಾದೊಡನೆ ಆಟ ನಿಲ್ಲಿಸಿ, ದೂರದ ಸ್ಥಿರವಸ್ತುವನ್ನು ನೋಡಬೇಕು. ಮರುದಿನ ಸ್ವಲ್ಪವೇ ಹೊತ್ತು ಆಡಬೇಕು. ಹಟದಿಂದ ಮುಂದುವರಿದರೆ, ಆಟದ ಚಿತ್ರ ಕಂಡೊಡನೆಯೇ ಓಕರಿಸುವುದನ್ನು ಮಿದುಳು ಕಲಿತುಬಿಡಬಹುದು.