ಅಸೈನ್‌ಮೆಂಟ್‌ಗೆ ಮೊದಲು ಬೇಕಾದದ್ದು ಒಂದು ಪ್ರಶ್ನೆ

ಪದವಿ ಕಾಲೇಜಿಗೆ ಹೊಸದಾಗಿ ಸೇರಿದವರಿಗೆ ‘ಕರ್ನಾಟಕದ ಕೆರೆಗಳು’ ಎಂಬ ವಿಷಯ ಕೊಟ್ಟು ಹತ್ತು ಪುಟ ಬರೆದು ತನ್ನಿ ಎಂದರೆ, ಬಹುತೇಕರು ಮಾಡುವುದು ಆ ಎರಡು ಪದಗಳನ್ನು ಗೂಗಲ್‌ನಲ್ಲಿ ಹಾಕಿ ಸಿಕ್ಕಿದ್ದನ್ನೆಲ್ಲ ಜೋಡಿಸುವುದು. ಪುಟವೇನೋ ತುಂಬುತ್ತದೆ, ಆದರೆ ಬರೆದವರು ತಾವಾಗಿ ಕಂಡುಕೊಂಡದ್ದು ಅದರಲ್ಲಿ ಒಂದೂ ಇರುವುದಿಲ್ಲ. ಇದಕ್ಕೆ ಸೋಮಾರಿತನ ಕಾರಣವಲ್ಲ. ವಿಷಯ ಬೇರೆ, ಪ್ರಶ್ನೆ ಬೇರೆ ಎಂದು ಅವರಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ. ಕೆರೆ ಎಂಬುದು ವಿಷಯ. ‘ನಮ್ಮೂರಿನಲ್ಲಿ ಕೆರೆ ನೀರಿನಿಂದ ಬೆಳೆಯುವ ಜಮೀನು 2001ರಿಂದ 2011ರ ನಡುವೆ ಹೆಚ್ಚಿತೆ, ಕುಗ್ಗಿತೆ? ಕುಗ್ಗಿದ್ದರೆ ಕೊಳವೆಬಾವಿ ಆ ಜಾಗಕ್ಕೆ ಬಂತೆ?’ ಎಂಬುದು ಪ್ರಶ್ನೆ. ಕೊಟ್ಟ ಅವಧಿಯ ಮೊದಲ ಕೆಲವು ದಿನಗಳನ್ನು ಒಂದು ಸಾಲನ್ನೂ ಬರೆಯದೆ, ಊರು, ಕಾಲ, ಅಳೆಯಬಹುದಾದ ಸಂಗತಿ ಈ ಮೂರನ್ನು ಗೊತ್ತುಮಾಡಿಕೊಳ್ಳಲು ಮೀಸಲಿಡಬೇಕು.

ಪ್ರಶ್ನೆ ಸಿಕ್ಕ ಮೇಲೆ ಅದನ್ನು ಆಕರದ ಮುಂದೆ ಇಟ್ಟು ನೋಡಬೇಕು. ಪ್ರತಿ ಜಿಲ್ಲೆಗೂ ಜನಗಣತಿ ಕೈಪಿಡಿ ಇದೆ, ಅಂತರ್ಜಾಲದಲ್ಲಿ ಉಚಿತವಾಗಿಯೇ ಸಿಗುತ್ತದೆ. ಅದರ ಗ್ರಾಮವಾರು ಪಟ್ಟಿಯಲ್ಲಿ ಕಾಲುವೆ, ಬಾವಿ, ಕೆರೆ ಹೀಗೆ ಯಾವ ಮೂಲದಿಂದ ಎಷ್ಟು ಹೆಕ್ಟೇರ್ ನೀರಾವರಿ ಎಂಬ ಲೆಕ್ಕವಿರುತ್ತದೆ. ಆದರೆ 2011ರ ಪಟ್ಟಿಯಲ್ಲಿ ತೆರೆದ ಬಾವಿಗೂ ಕೊಳವೆಬಾವಿಗೂ ಒಂದೇ ಕಲಂ. ಅಂದಮೇಲೆ ಪ್ರಶ್ನೆಯ ಎರಡನೆಯ ಅರ್ಧಕ್ಕೆ ಇಲ್ಲಿ ಉತ್ತರ ಸಿಗುವುದಿಲ್ಲ. ಪ್ರಶ್ನೆಯನ್ನು ತಿದ್ದಬೇಕು, ಇಲ್ಲವೇ ಊರಿನ ರೈತರನ್ನು ಕೇಳಿ ಬರೆದುಕೊಳ್ಳಬೇಕು. ಹೊಸಬರು ಕಂಗೆಡುವುದು ಈ ಹಂತದಲ್ಲೇ. ವಾಸ್ತವದಲ್ಲಿ ಸಂಶೋಧನೆ ಶುರುವಾಗುವುದೂ ಇಲ್ಲಿಂದಲೇ: ಯಾವ ದಾಖಲೆ ಏನನ್ನು ಹೇಳಬಲ್ಲದು, ಏನನ್ನು ಹೇಳಲಾರದು ಎಂಬ ತಿಳಿವಳಿಕೆ ಪಠ್ಯಪುಸ್ತಕದಿಂದ ಬರುವಂಥದ್ದಲ್ಲ.

ಇಷ್ಟು ಸಣ್ಣ ಪ್ರಶ್ನೆಗೆ ಹತ್ತು ಪುಟ ಬರೆಯುವುದು ಹೇಗೆ ಎಂಬ ಆತಂಕ ಸಹಜ. ಸಣ್ಣ ಪ್ರಶ್ನೆಯೇ ಹೆಚ್ಚು ಓದಿಸುತ್ತದೆ. ಅದೇ ಕೆರೆಯ ಹಿಂದಿನ ಕಥೆ ಬೇಕೆಂದರೆ ಬಿ.ಎಲ್. ರೈಸ್ ಆರಂಭಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳಿವೆ. ಹಳೆಯ ಮೈಸೂರು ಸಂಸ್ಥಾನ ಮತ್ತು ಕೊಡಗಿನ ಶಾಸನಗಳು ಜಿಲ್ಲೆ, ತಾಲ್ಲೂಕುವಾರು ಅವುಗಳಲ್ಲಿವೆ. ಕೆರೆಯ ಏರಿ, ತೂಬು ಕಟ್ಟಿಸಿದವರ ಹೆಸರು, ದುರಸ್ತಿಗೆಂದು ಬಿಟ್ಟ ಬಿತ್ತುವಟ್ಟ, ಕೆರೆಗೊಡಗೆ ಜಮೀನಿನ ವಿವರ ಅಲ್ಲಿ ಕಣ್ಣಿಗೆ ಬೀಳುತ್ತವೆ. ಹುಡುಕುವಾಗ ಒಂದು ಎಚ್ಚರ: ರಾಮನಗರ, ಚಿಕ್ಕಬಳ್ಳಾಪುರ ಜಿಲ್ಲೆಗಳಾದದ್ದು 2007ರಲ್ಲಿ. ಮಾಗಡಿಯ ಶಾಸನಕ್ಕೆ ರೈಸ್ ಅವರ ಬೆಂಗಳೂರು ಸಂಪುಟ, ಶಿಡ್ಲಘಟ್ಟದ್ದಕ್ಕೆ ಕೋಲಾರ ಸಂಪುಟ ತೆರೆಯಬೇಕು.

ತಾಲ್ಲೂಕು ಕೇಂದ್ರದ ಕಾಲೇಜಿನಲ್ಲಿ, ಕನ್ನಡ ಮಾಧ್ಯಮದಲ್ಲಿ ಓದುವವರಿಗೆ ಇವೆಲ್ಲ ಎಲ್ಲಿಂದ ಸಿಗಬೇಕು ಎಂಬುದು ಗಂಭೀರವಾದ ಆಕ್ಷೇಪ. ಎಷ್ಟೋ ಕಾಲೇಜುಗಳ ಗ್ರಂಥಾಲಯ ಬಡವಾಗಿರುವುದು ನಿಜ, ಅದು ಸರಿಹೋಗಲೇಬೇಕು. ಆದರೆ ಅಲ್ಲಿಯವರೆಗೂ ಕಾಯಬೇಕಾಗಿಲ್ಲ. ಈ ಶಾಸನ ಸಂಪುಟಗಳ ಸ್ಕ್ಯಾನ್ ಪ್ರತಿ ಇಂಟರ್ನೆಟ್ ಆರ್ಕೈವ್‌ನಲ್ಲಿದೆ. ‘ಶೋಧಗಂಗಾ’ ಜಾಲತಾಣದಲ್ಲಿ ದೇಶದ ವಿಶ್ವವಿದ್ಯಾಲಯಗಳ ಪಿಎಚ್‌.ಡಿ ಪ್ರಬಂಧಗಳಿವೆ, ಕನ್ನಡದಲ್ಲೇ ಬರೆದವೂ ಇವೆ. ಪ್ರಬಂಧವನ್ನು ಪೂರ್ತಿ ಓದುವ ಅಗತ್ಯವಿಲ್ಲ. ಮೊದಲು ಕೊನೆಯ ಗ್ರಂಥಋಣ ತೆಗೆದು ನೋಡಿ: ವರ್ಷಗಟ್ಟಲೆ ಹುಡುಕಿದವರೊಬ್ಬರ ಆಕರಪಟ್ಟಿ ಸಿದ್ಧವಾಗಿ ಸಿಗುತ್ತದೆ. ವಿಕಿಪೀಡಿಯ ಪುಟದ ಕೆಳಭಾಗವನ್ನೂ ಹೀಗೇ ಬಳಸಬಹುದು.

ಓದುತ್ತಲೇ ಟಿಪ್ಪಣಿ ಮಾಡಿಕೊಳ್ಳಬೇಕು. ಆಮೇಲೆ ನೋಡೋಣ ಎಂದರೆ ಪುಟಸಂಖ್ಯೆ ಮತ್ತೆ ಸಿಗುವುದಿಲ್ಲ. ಒಂದು ಹಾಳೆಗೆ ಒಂದೇ ಸಂಗತಿ ಸಾಕು. ಮೇಲೆ ಪುಸ್ತಕ, ಲೇಖಕರು, ವರ್ಷ, ಪುಟ, ಕೆಳಗೆ ಸಂಗತಿ. ಪುಸ್ತಕದ್ದೇ ಮಾತಾದರೆ ತಪ್ಪದೆ ಉದ್ಧರಣ ಚಿಹ್ನೆ ಹಾಕಿ. ಕೃತಿಚೌರ್ಯದ ಎಷ್ಟೋ ಪ್ರಕರಣಗಳ ಮೂಲ ಈ ಚಿಹ್ನೆ ಬಿಟ್ಟುಹೋದ ಟಿಪ್ಪಣಿಯಲ್ಲಿರುತ್ತದೆ. ಯುಜಿಸಿ 2018ರಲ್ಲಿ ತಂದ ನಿಯಮಾವಳಿ ಶೇ 10ರವರೆಗಿನ ಹೋಲಿಕೆಯನ್ನು ದಂಡನೆಯಿಂದ ಹೊರಗಿಟ್ಟಿದೆ, ಆಕರ ಸೂಚಿಸಿ ಉದ್ಧರಿಸಿದ್ದನ್ನು ಹೋಲಿಕೆಯ ಲೆಕ್ಕಕ್ಕೂ ಹಿಡಿಯುವುದಿಲ್ಲ. ಪ್ರಾಮಾಣಿಕವಾಗಿ ಆಕರ ಕೊಟ್ಟವರು ಹೆದರುವ ಕಾರಣವಿಲ್ಲ.

ಚಾಟ್‌ಜಿಪಿಟಿ ನಿಮಿಷದಲ್ಲಿ ಬರೆದುಕೊಡುವಾಗ ಇಷ್ಟೆಲ್ಲ ಏಕೆ ಎನ್ನುವವರಿದ್ದಾರೆ. ಇಂಥ ಸಾಧನಗಳು ಇಲ್ಲದ ಪುಸ್ತಕಕ್ಕೂ ಲೇಖಕರ ಹೆಸರು, ಪುಟಸಂಖ್ಯೆ ಕೊಡುವುದುಂಟು. ಅದು ಸುಳ್ಳೆಂದು ತಿಳಿಯಲು ಆಕರವನ್ನು ತೆರೆದು ನೋಡುವ ಅಭ್ಯಾಸವೇ ಬೇಕು. ಗೊತ್ತಿಲ್ಲದ ಇಂಗ್ಲಿಷ್ ವಾಕ್ಯ ಅರ್ಥಮಾಡಿಕೊಳ್ಳಲು ಬಳಸಿ, ತಪ್ಪಿಲ್ಲ, ಆಕರವಾಗಿ ಹೆಸರಿಸಬೇಡಿ.

ಬರೆಯಲು ಕೂತಾಗ ಪೀಠಿಕೆಯನ್ನು ಕೊನೆಗಿಡಿ, ಅಂಕಿ ಅಥವಾ ಶಾಸನ ಏನು ತೋರಿಸಿತು ಎಂಬುದನ್ನು ಮೊದಲು ಬರೆಯಿರಿ. ಅದಕ್ಕೂ ಮುನ್ನ ಒಮ್ಮೆ ನಿಮ್ಮ ಅಧ್ಯಾಪಕರನ್ನು ಕಾಣಿ. ‘ಸರ್, ಏನು ಬರೀಲಿ?’ ಎಂದು ಕೇಳುವ ಬದಲು ಒಂದು ಸಾಲಿನ ಪ್ರಶ್ನೆಯನ್ನೂ ನೀವೇ ತೆರೆದು ನೋಡಿದ ಮೂರು ಆಕರಗಳ ಹೆಸರನ್ನೂ ಬರೆದುಕೊಂಡು ಹೋಗಿ.