ಅಂಕಪಟ್ಟಿಯ ಹೆಸರು, ಕೆಲಸದ ಹಕ್ಕು

ದಾಖಲೆ ಪರಿಶೀಲನೆಯ ಮೇಜಿನ ಮೇಲೆ ಎರಡು ಕಾಗದ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು. ಇಬ್ಬರೂ ಒಬ್ಬರೇ ಎಂದು ತೋರಿಸಲು ಆಗದಿದ್ದರೆ ಕೈಗೆ ಬಂದ ಕೆಲಸವೂ ಜಾರಿಹೋಗಬಹುದು. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದಿಂದ ಕೆಲಸ ಹುಡುಕಿ ಹಾಸನದ ಬಸ್ಸು ಹತ್ತುವ ಲಿಂಗತ್ವ ಅಲ್ಪಸಂಖ್ಯಾತರು ಮೊದಲು ಸರಿಮಾಡಿಕೊಳ್ಳಬೇಕಾದದ್ದು ಇದನ್ನೇ.

ದಾರಿ ಜಿಲ್ಲಾಧಿಕಾರಿ ನೀಡುವ ಗುರುತಿನ ಪ್ರಮಾಣಪತ್ರದಿಂದ ಶುರುವಾಗುತ್ತದೆ. ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳ ರಕ್ಷಣೆಯ 2019ರ ಕಾಯ್ದೆಯಡಿ ರೂಪಿಸಿದ 2020ರ ನಿಯಮಗಳು ಇದಕ್ಕೆ 30 ದಿನಗಳ ಗಡುವು ಹಾಕಿದವು. ರಾಷ್ಟ್ರೀಯ ಪೋರ್ಟಲ್‌ನಲ್ಲೇ ಅರ್ಜಿ ಹಾಕಬಹುದು. ಪ್ರಮಾಣಪತ್ರ ಕೈಸೇರಿದ ಮೇಲೆ ಉಳಿದ ದಾಖಲೆಗಳಲ್ಲೂ ಹೆಸರು ಬದಲಿಸಿಕೊಡಿ ಎಂದು ಕೇಳುವ ಹಕ್ಕು ಬರುತ್ತದೆ.

ಸರ್ಕಾರಿ ಕೆಲಸದಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಮೀಸಲಾತಿ ತಂದ ಮೊದಲ ರಾಜ್ಯ ಕರ್ನಾಟಕ. ಪೊಲೀಸ್ ನೇಮಕಾತಿಯಲ್ಲಿ ಗಂಡು, ಹೆಣ್ಣು ಬಿಟ್ಟು ಬೇರೆಯವರಿಗೆ ಜಾಗವೇ ಇಲ್ಲವೆಂದು 'ಸಂಗಮ' ಸಂಸ್ಥೆ 2020ರಲ್ಲಿ ಹೈಕೋರ್ಟ್ ಮೆಟ್ಟಿಲೇರಿತು. 2021ರ ಜುಲೈನಲ್ಲಿ ನೇಮಕಾತಿ ನಿಯಮಗಳಿಗೆ ತಿದ್ದುಪಡಿಯಾಗಿ ಶೇ 1ರಷ್ಟು ಹುದ್ದೆ ಮೀಸಲಾಯಿತು. ಇದು ಸಮತಲ ಮೀಸಲಾತಿ: ಸಾಮಾನ್ಯ, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ ಎಲ್ಲದರೊಳಗೂ ಅನ್ವಯ. ಆದ್ದರಿಂದ ಜಾತಿ ಪ್ರಮಾಣಪತ್ರವನ್ನೂ ಜೊತೆಗಿಟ್ಟುಕೊಳ್ಳಬೇಕು. ಅರ್ಹ ಅಭ್ಯರ್ಥಿ ಸಿಗದಿದ್ದರೆ ಹುದ್ದೆ ಅದೇ ವರ್ಗದ ಗಂಡಸರಿಗೋ ಹೆಂಗಸರಿಗೋ ಹೋಗುತ್ತದೆ. ಅರ್ಜಿಯಲ್ಲಿ ಈ ಮೀಸಲಾತಿಯ ಕಾಲಂ ಗುರುತು ಮಾಡದಿದ್ದರೂ ಹಕ್ಕು ಕೈತಪ್ಪೀತು.

ಗುರುತು ಮಾಡಿದವರು ಗೆದ್ದಿದ್ದಾರೆ. 2022ರಲ್ಲಿ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ನೇಮಕಾತಿಯ ಆಯ್ಕೆ ಪಟ್ಟಿಯಲ್ಲಿ ಮೂವರು ಲಿಂಗತ್ವ ಅಲ್ಪಸಂಖ್ಯಾತರಿದ್ದರು.

ಖಾಸಗಿ ಕಾರ್ಖಾನೆ, ಅಂಗಡಿ, ಶಾಲೆಗಳಲ್ಲಿ ಮೀಸಲಾತಿ ಇಲ್ಲ, ರಕ್ಷಣೆ ಇದೆ. ಕಾಯ್ದೆಯ 9ನೇ ಕಲಂ ನೇಮಕಾತಿ, ಬಡ್ತಿಯಲ್ಲಿ ತಾರತಮ್ಯ ಮಾಡಬಾರದೆನ್ನುತ್ತದೆ. 11ನೇ ಕಲಂನಂತೆ ಪ್ರತಿ ಸಂಸ್ಥೆಯಲ್ಲೂ ದೂರು ಅಧಿಕಾರಿ ಇರಲೇಬೇಕು. ಉತ್ತರ ಪ್ರದೇಶ ಮತ್ತು ಗುಜರಾತಿನ ಖಾಸಗಿ ಶಾಲೆಗಳಲ್ಲಿ ಕೆಲಸ ಕಳೆದುಕೊಂಡ ಶಿಕ್ಷಕಿ ಜೇನ್ ಕೌಶಿಕ್ ಅವರಿಗೆ ಪರಿಹಾರ ಕೊಡುವಂತೆ ಸುಪ್ರೀಂ ಕೋರ್ಟ್ 2025ರ ಅಕ್ಟೋಬರ್‌ನಲ್ಲಿ ಆದೇಶಿಸಿತು.

ಅನ್ಯಾಯವಾದರೆ ಬಾಯಿಮಾತಿನ ದೂರು ಸಾಲದು. ಸಂದರ್ಶನದ ದಿನಾಂಕ, ಯಾರು ಏನೆಂದರು ಎಂಬುದನ್ನು ಅಂದೇ ಬರೆದಿಟ್ಟುಕೊಳ್ಳಬೇಕು. ದೂರು ಲಿಖಿತವಾಗಿ ಕೊಟ್ಟು, ನಕಲಿನ ಮೇಲೆ ಸ್ವೀಕೃತಿಯ ಸಹಿ, ಮೊಹರು ಹಾಕಿಸಿಕೊಳ್ಳಬೇಕು. ಸದ್ಯ ಜಾರಿಯಲ್ಲಿರುವ ನಿಯಮ ಯಾವುದು, ಮುಂದಿನ ಹೆಜ್ಜೆ ಏನು ಎಂದು ಕೇಳಲು ಹಾಸನದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ, ತಾಲ್ಲೂಕು ಕೇಂದ್ರಗಳ ನ್ಯಾಯಾಲಯಗಳಲ್ಲಿ ಕಾನೂನು ಸೇವಾ ಸಮಿತಿಗಳಿವೆ. ಹಾಸನದವರೆಗೆ ಹೋಗಲಾಗದವರು 15100ಕ್ಕೆ ಕರೆ ಮಾಡಬಹುದು.