ಕಚೇರಿಯ ಗಣಕಯಂತ್ರ ಚಾಲನೆಗೊಳ್ಳದಿದ್ದಾಗ: ಫಾರ್ಮ್ಯಾಟ್‌ಗೆ ಮೊದಲು ಪರಿಶೀಲಿಸಬೇಕಾದ ಅಂಶಗಳು

(ರೋಣ, ನರಗುಂದ ಮತ್ತು ಗಜೇಂದ್ರಗಡ ತಾಲ್ಲೂಕುಗಳ ಗ್ರಾಮ ಪಂಚಾಯತಿ ಸದಸ್ಯರ ಅಧ್ಯಯನಕ್ಕಾಗಿ)

ಗಣಕಯಂತ್ರಕ್ಕೆ ವಿದ್ಯುತ್ ಬಂದರೂ ವಿಂಡೋಸ್ ತೆರೆಯದೆ, ಪರದೆಯ ಮೇಲೆ ‘ನೋ ಬೂಟಬಲ್ ಡಿವೈಸ್’ ಎಂಬ ಸಂದೇಶ ಕಂಡುಬಂದಲ್ಲಿ, ಹಾರ್ಡ್ ಡಿಸ್ಕ್‌ನಿಂದ ಯಂತ್ರವು ಚಾಲನೆಗೊಳ್ಳುತ್ತಿಲ್ಲವೆಂದು ತಿಳಿಯಬೇಕು. ಕಡತಗಳೆಲ್ಲ ನಾಶವಾಗಿವೆ ಎಂದು ಇದರ ಅರ್ಥವಲ್ಲ. ಆದರೆ ಅವಸರದಿಂದ ಫಾರ್ಮ್ಯಾಟ್ ಮಾಡಿಸಿದಲ್ಲಿ ಉಳಿದಿದ್ದ ಕಡತಗಳೂ ಕೈತಪ್ಪಬಹುದು.

ಪಂಚತಂತ್ರ ಹಾಗೂ ಇ-ಸ್ವತ್ತು ತಂತ್ರಾಂಶಗಳಲ್ಲಿ ದಾಖಲಿಸಿದ ಮಾಹಿತಿಯು ಸರ್ವರ್‌ನಲ್ಲಿರುತ್ತದೆ. ಬೇರೊಂದು ಗಣಕಯಂತ್ರದ ಮೂಲಕವೂ ಅದನ್ನು ಪಡೆಯಬಹುದು. ಆದರೆ ನುಡಿಯಲ್ಲಿ ಬೆರಳಚ್ಚು ಮಾಡಿದ ಸಭಾ ನಡವಳಿ, ನೋಟಿಸು, ಕಾಮಗಾರಿಯ ಛಾಯಾಚಿತ್ರ, ಸ್ಕ್ಯಾನ್ ಮಾಡಿದ ಅರ್ಜಿಗಳು ಪ್ರತಿ ತೆಗೆದಿರದಿದ್ದರೆ ಆ ಒಂದೇ ಡಿಸ್ಕ್‌ನಲ್ಲಿರುತ್ತವೆ.

ಪರಿಶೀಲನೆಯ ಕ್ರಮ:

1. ಪರದೆಯ ಸಂದೇಶವನ್ನು ಬರೆದುಕೊಳ್ಳುವುದು ಅಥವಾ ಅದರ ಛಾಯಾಚಿತ್ರ ತೆಗೆಯುವುದು.

2. ಪೆನ್ ಡ್ರೈವ್ ಮುಂತಾದವುಗಳನ್ನು ತೆಗೆದು ಮರಳಿ ಚಾಲನೆ ಮಾಡುವುದು. ಯಂತ್ರವು ಕೆಲವೊಮ್ಮೆ ಡಿಸ್ಕ್‌ನ ಬದಲು ಪೆನ್ ಡ್ರೈವ್‌ನಿಂದ ಚಾಲನೆಗೊಳ್ಳಲು ಯತ್ನಿಸುತ್ತದೆ.

3. ತಂತ್ರಜ್ಞರಿಂದ ಬಯೋಸ್ ತೆರೆಸಿ, ಅಲ್ಲಿ ಡಿಸ್ಕ್‌ನ ಹೆಸರಿದೆಯೇ ಎಂದು ನೋಡುವುದು. ಹೆಸರಿದ್ದರೆ ಬೂಟ್ ಕ್ರಮವನ್ನು ಸರಿಪಡಿಸಿದರೆ ಸಾಕಾಗಬಹುದು. ದಿನಾಂಕ ಪದೇ ಪದೇ ಹಿಂದಕ್ಕೆ ಹೋಗುತ್ತಿದ್ದರೆ ಮದರ್‌ಬೋರ್ಡ್‌ನ ಚಿಕ್ಕ ಬ್ಯಾಟರಿ ಮುಗಿದಿರುವ ಸಂಭವವಿದೆ. ಅನೇಕ ಯಂತ್ರಗಳಲ್ಲಿ ಅದು ಸಿಆರ್ 2032 ಮಾದರಿಯದು.

4. ಹೆಸರು ಕಾಣದಿದ್ದರೆ, ವಿದ್ಯುತ್ ಸಂಪರ್ಕ ತೆಗೆದ ನಂತರವೇ ಡಿಸ್ಕ್‌ನ ಎರಡೂ ಕೇಬಲ್‌ಗಳನ್ನು ಬಿಚ್ಚಿ ಬಿಗಿಯಾಗಿ ಕೂರಿಸುವುದು.

5. ಡಿಸ್ಕ್‌ನಿಂದ ‘ಟಿಕ್ ಟಿಕ್’ ಸದ್ದು ಬರುತ್ತಿದ್ದರೆ ಯಂತ್ರವನ್ನು ಕೂಡಲೇ ನಿಲ್ಲಿಸುವುದು. ಪದೇ ಪದೇ ಚಾಲನೆ ಮಾಡಿದಷ್ಟೂ ಹಾನಿ ಹೆಚ್ಚುತ್ತದೆ.

6. ಡಿಸ್ಕ್ ಸುಸ್ಥಿತಿಯಲ್ಲಿದ್ದು ವಿಂಡೋಸ್ ಮಾತ್ರ ಕೆಟ್ಟಿದ್ದರೆ, ಡಿಸ್ಕನ್ನು ಬೇರೆ ಯಂತ್ರಕ್ಕೆ ಜೋಡಿಸಿ ಕಡತಗಳನ್ನು ನಕಲಿಸಿಕೊಂಡ ತರುವಾಯವೇ ದುರಸ್ತಿ ಅಥವಾ ಫಾರ್ಮ್ಯಾಟ್ ಕೈಗೊಳ್ಳುವುದು.

ಸದಸ್ಯರ ಪಾತ್ರ:

ದುರಸ್ತಿ ವೆಚ್ಚಕ್ಕೆ ಅನುಮೋದನೆ ನೀಡುವ ಮುನ್ನ ಸದಸ್ಯರು ಮೂರು ಪ್ರಶ್ನೆಗಳನ್ನು ಕೇಳಬೇಕು: ದೋಷ ಯಾವುದು? ಕಡತಗಳ ಪ್ರತಿ ತೆಗೆಯಲಾಗಿದೆಯೇ? ಬದಲಿಸಿದ ಹಳೆಯ ಡಿಸ್ಕ್ ಎಲ್ಲಿದೆ? ಗ್ರಾಮಸ್ಥರ ಆಧಾರ್ ಪ್ರತಿ, ಅರ್ಜಿಗಳು ಅದರಲ್ಲಿರುವ ಸಂಭವವಿರುವುದರಿಂದ ಹಳೆಯ ಡಿಸ್ಕನ್ನು ಅಂಗಡಿಯಲ್ಲಿ ಬಿಡದೆ, ದಾಸ್ತಾನು ವಹಿಯಲ್ಲಿ ನಮೂದಿಸಿ ಕಚೇರಿಯಲ್ಲಿಯೇ ಇರಿಸಬೇಕು.

ವಿದ್ಯುತ್ ಹಠಾತ್ತನೆ ಹೋದಾಗ ಕಡತಗಳು ಕೆಡುವುದನ್ನು ತಡೆಯಲು ಯುಪಿಎಸ್ ಸುಸ್ಥಿತಿಯಲ್ಲಿರಬೇಕು. ವಾರಕ್ಕೊಮ್ಮೆ ಬಾಹ್ಯ ಡಿಸ್ಕ್‌ಗೆ ಕಡತಗಳನ್ನು ನಕಲಿಸಿ, ಅದನ್ನು ಗಣಕಯಂತ್ರದಿಂದ ಬೇರ್ಪಡಿಸಿ ಕಪಾಟಿನಲ್ಲಿ ಬೀಗ ಹಾಕಿ ಇಡುವುದು ಸೂಕ್ತ. ಹೀಗೆ ಮಾಡಿದಲ್ಲಿ ಯಂತ್ರ ಕೆಟ್ಟರೂ ಗ್ರಾಮದ ದಾಖಲೆ ಉಳಿಯುತ್ತದೆ.